ಪಾಲಿಯೆಸ್ಟರ್ ಬಟ್ಟೆಗೆ ಮನೆಯಲ್ಲೇ ಬಣ್ಣ ಹಾಕುವುದು: ಬಟ್ಟೆ ಗುರುತಿಸುವುದರಿಂದ ಬಣ್ಣದ ನೀರು ಚೆಲ್ಲುವವರೆಗೆ

ಹತ್ತಿ ಬಟ್ಟೆಗೆ ಚೆನ್ನಾಗಿ ಬಣ್ಣ ಹಾಕುವವರು ಕೂಡ ಪಾಲಿಯೆಸ್ಟರ್ ವಿಷಯಕ್ಕೆ ಬಂದರೆ ಕೈಚೆಲ್ಲುತ್ತಾರೆ. ಅಂಗಡಿಯಿಂದ ಬಣ್ಣದ ಪುಡಿ ತರುತ್ತಾರೆ. ಬಿಸಿ ನೀರು, ಒಂದು ಹಿಡಿ ಉಪ್ಪು, ಅರ್ಧ ಗಂಟೆ ನೆನೆಸುವುದು. ತೊಳೆದ ಮೇಲೆ ನೋಡಿದರೆ ಕಡುಗೆಂಪು ಆಗಬೇಕಿದ್ದ ದುಪ್ಪಟ್ಟಾ ಮಂಕು ಗುಲಾಬಿ. ಆಗ ಎಲ್ಲರೂ ಮಾಡುವುದು ಒಂದೇ, ಇನ್ನೆರಡು ಪೊಟ್ಟಣ ಪುಡಿ ಸುರಿಯುತ್ತಾರೆ. ಅದರಿಂದ ಏನೂ ಆಗುವುದಿಲ್ಲ. ಪಾಲಿಯೆಸ್ಟರಿಗೆ ಬೇಕಾದದ್ದು ಜಾಸ್ತಿ ಬಣ್ಣವಲ್ಲ, ಸರಿಯಾದ ಜಾತಿಯ ಬಣ್ಣ, ಜಾಸ್ತಿ ಬಿಸಿ, ಜಾಸ್ತಿ ಹೊತ್ತು. ಈ ಮೂರನ್ನು ಹೇಗೆ ಹೊಂದಿಸುವುದು ಅನ್ನುವುದೇ ಈ ಬರಹ.

ಬಿಸಿ ಯಾಕೆ ಬೇಕು?

ಪಾಲಿಯೆಸ್ಟರ್ ನೂಲನ್ನು 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ರಸಾಯನ ತಜ್ಞರು ಕಂಡುಹಿಡಿದರು. ನಮ್ಮ ಹಿರಿಯರು 'ಟೆರಿಲಿನ್ ಶರ್ಟು' ಅನ್ನುತ್ತಿದ್ದದ್ದು ಇದನ್ನೇ. ಆ ಶರ್ಟು ಬೇಗ ಒಣಗುತ್ತಿತ್ತು, ಸುಕ್ಕಾಗುತ್ತಿರಲಿಲ್ಲ. ಬಣ್ಣ ಹಿಡಿಯದಿರುವುದಕ್ಕೂ ಕಾರಣ ಅದೇ ಗುಣ. ಹತ್ತಿ ಗಾಳಿಯಲ್ಲಿನ ತೇವವನ್ನೇ ತನ್ನ ತೂಕದ ಶೇಕಡ 7-8ರಷ್ಟು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಹೀರುವುದು ಶೇಕಡ 0.4 ಮಾತ್ರ. ನೀರೇ ಒಳಗೆ ಹೋಗದಿದ್ದರೆ ನೀರಿನಲ್ಲಿ ಕರಗಿದ ಬಣ್ಣ ಎಲ್ಲಿಂದ ಹೋಗಬೇಕು?

ಅದಕ್ಕೇ ಇದಕ್ಕೆ ಬೇರೆ ಜಾತಿಯ ಬಣ್ಣ ಬೇಕು. ಅದರ ಹೆಸರು ಡಿಸ್ಪರ್ಸ್ ಡೈ. ಅದು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ನುಣ್ಣನೆಯ ಪುಡಿಯಾಗಿ ತೇಲುತ್ತಿರುತ್ತದೆ. ಬಿಸಿ ಏರಿದಂತೆ ಒಂದಿಷ್ಟೇ ಇಷ್ಟು ಕರಗಿ ನೂಲಿನ ಒಳಗೆ ಸೇರುತ್ತದೆ. ಸೇರಿದಷ್ಟು ಜಾಗಕ್ಕೆ ಮತ್ತೆ ಸ್ವಲ್ಪ ಕರಗುತ್ತದೆ. ಹೀಗೆ ನಿಧಾನವಾಗಿ ನಡೆಯುವ ಕೆಲಸ ಇದು. ಆದರೆ ನೂಲಿನ ಒಳಗಿನ ಅಣು ಸರಪಳಿಗಳು ಸುಮಾರು 70-80 ಡಿಗ್ರಿ ತನಕ ಬಿಗಿಯಾಗಿಯೇ ಇರುತ್ತವೆ. ಅದರ ಮೇಲೆ ಹೋದಾಗ ಮಾತ್ರ ಅಲುಗಾಡಿ ಬಣ್ಣಕ್ಕೆ ದಾರಿ ಬಿಡುತ್ತವೆ. ಬಿಸಿ ಹೆಚ್ಚಿದಷ್ಟೂ ದಾರಿ ಸಲೀಸು.

ಮಿಲ್ಲುಗಳಲ್ಲಿ ಮುಚ್ಚಿದ ಯಂತ್ರದಲ್ಲಿ ಒತ್ತಡ ಹಾಕಿ 130 ಡಿಗ್ರಿಗೆ ಏರಿಸುತ್ತಾರೆ. ಮನೆಯ ತೆರೆದ ಪಾತ್ರೆಯಲ್ಲಿ ನೀರು ಕುದಿಯುವ ಬಿಂದು ದಾಟಲು ಆಗುವುದಿಲ್ಲ. ಇಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 97ರ ಹತ್ತಿರವೇ ಕುದಿ ಬರುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಮ್ಮಿ. ಮೂರು ಡಿಗ್ರಿ ತಾನೇ ಅನ್ನಬೇಡಿ. ಪಾಲಿಯೆಸ್ಟರಿಗೆ ಬಣ್ಣ ಹಿಡಿಯುವ ವೇಗ ಈ ಕೊನೆಯ ಡಿಗ್ರಿಗಳ ಮೇಲೇ ನಿಂತಿದೆ. ಕರಾವಳಿಯವರು ಹೇಳಿದ ಸಮಯಕ್ಕೆ ಬೆಂಗಳೂರಿನವರು ಅರ್ಧ ಗಂಟೆ ಸೇರಿಸಿಕೊಳ್ಳುವುದು ಒಳ್ಳೆಯದು.

ಹಂತ 1: ಮೊದಲು ಬಟ್ಟೆ ಯಾವುದು ಅಂತ ತಿಳಿದುಕೊಳ್ಳಿ

ಲೇಬಲ್ ಇದ್ದರೆ ಓದಿ. ಇಲ್ಲದಿದ್ದರೆ ಒಳಹೊಲಿಗೆಯಿಂದ ನಾಲ್ಕು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಸುಟ್ಟು ನೋಡಿ. ಪಾಲಿಯೆಸ್ಟರ್ ಬೆಂಕಿ ಹತ್ತಿರ ಬಂದ ಕೂಡಲೇ ಮುದುರಿಕೊಳ್ಳುತ್ತದೆ, ಕರಗುತ್ತದೆ, ಮಸಿಯಂಥ ಕಪ್ಪು ಹೊಗೆ ಬಿಡುತ್ತದೆ. ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ, ಉಗುರಿನಲ್ಲಿ ಒತ್ತಿದರೂ ಪುಡಿಯಾಗುವುದಿಲ್ಲ. ಹತ್ತಿ ಮತ್ತು ವಿಸ್ಕೋಸ್ (ರೇಯಾನ್) ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತವೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಅದರ ಮಣಿ ಬೆರಳಲ್ಲಿ ಪುಡಿಯಾಗುತ್ತದೆ.

'ಆರ್ಟ್ ಸಿಲ್ಕ್' ಅಂತ ಮಾರುವ ಸೀರೆಗಳ ಬಗ್ಗೆ ಹುಷಾರು. ಕೆಲವು ವಿಸ್ಕೋಸ್, ಕೆಲವು ಪಾಲಿಯೆಸ್ಟರ್. ನೋಡಲು ಒಂದೇ ಥರ, ಬಣ್ಣ ಹಾಕುವ ರೀತಿ ಪೂರ್ತಿ ಬೇರೆ. ಸುಟ್ಟು ನೋಡದೆ ಒಲೆ ಹಚ್ಚಬೇಡಿ. ಅಸಿಟೇಟ್ ಎಂಬ ಇನ್ನೊಂದು ಹೊಳಪಿನ ನೂಲು ಇರಬಹುದು ಅಂತ ಅನುಮಾನ ಬಂದರೆ ಒಂದೆಳೆಗೆ ಅಸಿಟೋನ್ ಹನಿ ಹಾಕಿ, ಅಸಿಟೇಟ್ ಆದರೆ ಕರಗಿ ಅಂಟಾಗುತ್ತದೆ. ಅಸಿಟೋನ್ ಬೇಗ ಬೆಂಕಿ ಹಿಡಿಯುವ ವಸ್ತು, ಸುಡುವ ಪರೀಕ್ಷೆ ಮಾಡಿದ ಜಾಗದಲ್ಲಿ ಬಾಟಲಿ ತೆರೆಯಬೇಡಿ. ಅಸಿಟೇಟ್ ಕೂಡ ಡಿಸ್ಪರ್ಸ್ ಬಣ್ಣ ಕುಡಿಯುತ್ತದೆ. ನಿಜ ಹೇಳಬೇಕೆಂದರೆ 1920ರ ದಶಕದಲ್ಲಿ ಈ ಬಣ್ಣಗಳು ಹುಟ್ಟಿದ್ದೇ ಅಸಿಟೇಟಿಗಾಗಿ. ಆದರೆ ಅದನ್ನು ಕುದಿಸಬಾರದು. 80-85 ಡಿಗ್ರಿ ಸಾಕು, ಜಾಸ್ತಿಯಾದರೆ ಹೊಳಪು ಹೋಗುತ್ತದೆ.

ನೈಲಾನಿಗೂ ಡಿಸ್ಪರ್ಸ್ ಬಣ್ಣ ಹತ್ತುತ್ತದೆ, ಆದರೆ ಒಗೆದಾಗ ನಿಲ್ಲುವುದು ಕಮ್ಮಿ. ಅದಕ್ಕೆ ಆಸಿಡ್ ಡೈ ಸರಿ. ಅಕ್ರಿಲಿಕ್ ಸ್ವೆಟರಿಗೆ ಬೇಸಿಕ್ ಡೈ. ಪಾಲಿಪ್ರೊಪಿಲೀನ್ ಯಾವುದನ್ನೂ ಹಿಡಿಯುವುದಿಲ್ಲ, ಬಿಟ್ಟುಬಿಡಿ. ಲೆಗ್ಗಿಂಗ್ಸ್ ಥರದ ಸ್ಪಾಂಡೆಕ್ಸ್ ಬೆರೆತ ಬಟ್ಟೆಯನ್ನು ಗಂಟೆಗಟ್ಟಲೆ ಕುದಿಸಿದರೆ ಎಲಾಸ್ಟಿಕ್ ಸಡಿಲವಾಗುತ್ತದೆ. ರೇನ್‌ಕೋಟಿನಂಥ ಕೋಟಿಂಗ್ ಇರುವ ಬಟ್ಟೆಯೂ ಬೇಡ.

ಟೆರಿಕಾಟ್, ಅಂದರೆ ಪಾಲಿಯೆಸ್ಟರ್-ಹತ್ತಿ ಮಿಶ್ರಣವಾದರೆ, ಡಿಸ್ಪರ್ಸ್ ಬಣ್ಣ ಪಾಲಿಯೆಸ್ಟರ್ ಎಳೆಗೆ ಮಾತ್ರ ಹತ್ತುತ್ತದೆ, ಹತ್ತಿ ಎಳೆ ಬಿಳಿಯಾಗೇ ಉಳಿಯುತ್ತದೆ. ಹತ್ತಿರದಿಂದ ನೋಡಿದರೆ ಬಟ್ಟೆ ನವಿರಾಗಿ ಎರಡು ಬಣ್ಣ ಕಾಣುತ್ತದೆ. ಪೂರ್ತಿ ಬಣ್ಣ ಬೇಕೆಂದರೆ ಮೊದಲು ಡಿಸ್ಪರ್ಸ್ ಮುಗಿಸಿ, ಚೆನ್ನಾಗಿ ತೊಳೆದು, ಆಮೇಲೆ ಹತ್ತಿಗೆ ರಿಯಾಕ್ಟಿವ್ ಡೈ ಹಾಕಬೇಕು. ಈ ಕ್ರಮ ತಿರುಗಿಸಬೇಡಿ.

ಹೊಲಿಗೆ ದಾರವನ್ನೂ ನೋಡಿ. ಬಟ್ಟೆ ಪಾಲಿಯೆಸ್ಟರ್, ದಾರ ಹತ್ತಿ ಆಗಿದ್ದರೆ ಕಾಲರಿನ ಸುತ್ತ, ಗುಂಡಿ ಮನೆಯ ಸುತ್ತ ಬಿಳಿ ಗೆರೆ ಎದ್ದು ಕಾಣುತ್ತದೆ. ಈಗಿನ ಬಹುಪಾಲು ದಾರ ಪಾಲಿಯೆಸ್ಟರೇ ಆದ್ದರಿಂದ ಈ ತೊಂದರೆ ಕಮ್ಮಿ. ಅದೇ ದಾರ ಹತ್ತಿ ಕುರ್ತಾದಲ್ಲಿದ್ದು ನೀವು ಹತ್ತಿ ಬಣ್ಣ ಹಾಕಿದರೆ ಉಲ್ಟಾ ಆಗುತ್ತದೆ, ಕುರ್ತಾ ನೀಲಿ, ಹೊಲಿಗೆ ಬಿಳಿ!

ಹಂತ 2: ಸಾಮಾನು ಜೋಡಿಸಿಕೊಳ್ಳಿ

ದೊಡ್ಡ ಸ್ಟೀಲ್ ಪಾತ್ರೆ ಬೇಕು. ಹಿಂಡಾಲಿಯಂ ಬೇಡವೇ ಬೇಡ, ಹುಳಿಗೂ ಸೋಡಾಕ್ಕೂ ಅದು ಪ್ರತಿಕ್ರಿಯೆ ತೋರಿಸುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ, ಸೌಟು, ಚಮಚ ಮತ್ತೆ ಅಡುಗೆಗೆ ಬರಬಾರದು. ಪಾತ್ರೆಯ ಮೇಲೆ ದೊಡ್ಡದಾಗಿ ಬರೆದಿಡಿ. ಉದ್ದ ಕೈಗವಸು, ಮಾಸ್ಕ್, ಕನ್ನಡಕ, ಥರ್ಮಾಮೀಟರ್, ಗ್ರಾಂ ತೋರಿಸುವ ಸಣ್ಣ ತಕ್ಕಡಿ, ನೀರಿನ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಪೇಪರ್ ಇರಲಿ. ಕಿಟಕಿ ತೆರೆದಿರುವ ಜಾಗ ಅಥವಾ ಹಿತ್ತಲಿನ ಒಲೆ ಒಳ್ಳೆಯದು.

ಬಣ್ಣಕ್ಕೆ ಎರಡು ದಾರಿ. ರಿಟ್ ಡೈಮೋರ್, ಐಡೈ ಪಾಲಿ ಥರದ ಸಿದ್ಧ ಬಣ್ಣ ಸಿಂಥೆಟಿಕ್ ಬಟ್ಟೆಗೆಂದೇ ಮಾಡಿದ್ದು, ಆನ್‌ಲೈನಿನಲ್ಲಿ ಸಿಗುತ್ತದೆ. ಬೆಲೆ ಜಾಸ್ತಿ, ತಲೆನೋವು ಕಮ್ಮಿ. ಇನ್ನೊಂದು ದಾರಿ, ಬಣ್ಣ-ಕೆಮಿಕಲ್ ಅಂಗಡಿಯಲ್ಲಿ ಡಿಸ್ಪರ್ಸ್ ಪುಡಿ ಕೊಳ್ಳುವುದು. ಅಲ್ಲಿ ಸುಮ್ನೆ 'ಬಟ್ಟೆ ಬಣ್ಣ' ಅಂತ ಕೇಳಿದರೆ ಹತ್ತಿಯದ್ದು ಕೊಡುತ್ತಾರೆ. 'ಪಾಲಿಯೆಸ್ಟರಿಗೆ ಹಾಕುವ ಡಿಸ್ಪರ್ಸ್, ಲೋ ಎನರ್ಜಿ' ಎಂದೇ ಕೇಳಿ. ಡಿಸ್ಪರ್ಸ್ ಬಣ್ಣಗಳಲ್ಲಿ ಸಣ್ಣ ಅಣುವಿನವು, ದೊಡ್ಡ ಅಣುವಿನವು ಅಂತ ಇವೆ. ಸಣ್ಣವು ಕಮ್ಮಿ ಬಿಸಿಯಲ್ಲಿ ಒಳಗೆ ನುಗ್ಗುತ್ತವೆ, ಲೋ ಎನರ್ಜಿ ಅಂದರೆ ಇವೇ. ದೊಡ್ಡವಕ್ಕೆ 130 ಡಿಗ್ರಿಯೇ ಬೇಕು, ಮನೆಯಲ್ಲಿ ದಂಡ. ಡಿಸ್ಪರ್ಸ್ ಎಲ್ಲೋ 54, ಡಿಸ್ಪರ್ಸ್ ರೆಡ್ 60, ಡಿಸ್ಪರ್ಸ್ ಬ್ಲೂ 56 ಈ ಮೂರನ್ನು ಇಟ್ಟುಕೊಂಡರೆ ಬಹಳಷ್ಟು ಬಣ್ಣ ಬೆರೆಸಬಹುದು. ಮೂರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹಿಡಿಯುತ್ತವೆ. ಬೇರೆ ಬೇರೆ ವರ್ಗದವನ್ನು ಬೆರೆಸಿದರೆ ಹಸಿರು ಮಾಡಲು ಹೋದಾಗ ಹಳದಿ ಮಾತ್ರ ಒಳಗೆ ಹೋಗಿ ನೀಲಿ ನೀರಲ್ಲೇ ಉಳಿಯುತ್ತದೆ.

ಡಿಸ್ಪರ್ಸ್ ಬ್ಲೂ 106, ಬ್ಲೂ 124, ಆರೆಂಜ್ 37 ಇವುಗಳನ್ನು ಮೈಗೆ ತಾಗುವ ಬಟ್ಟೆಗೆ ಹಾಕಬೇಡಿ. ಚರ್ಮದ ಅಲರ್ಜಿ ತರುವುದರಲ್ಲಿ ಇವು ಕುಖ್ಯಾತ. ಡಬ್ಬಿಯ ಮೇಲೆ ಇಂಥ ಯಾವ ಸಂಖ್ಯೆಯೂ ಇಲ್ಲದ ಅನಾಮಧೇಯ ಪುಡಿಯನ್ನು ಮಕ್ಕಳ ಬಟ್ಟೆಗಂತೂ ಮುಟ್ಟಬಾರದು.

ಕ್ಯಾರಿಯರ್ ಎಂಬ ದ್ರವವೂ ಸಿಗುತ್ತದೆ. ಅದು ನೂಲನ್ನು ಸ್ವಲ್ಪ ಉಬ್ಬಿಸಿ, 130 ಡಿಗ್ರಿ ಮಾಡುವ ಕೆಲಸದ ಒಂದು ಪಾಲನ್ನು ಕುದಿ ನೀರಲ್ಲೇ ಮಾಡಿಸುತ್ತದೆ. ವಾಸನೆ ಜೋರು, ಕೆಲವಂತೂ ಆರೋಗ್ಯಕ್ಕೆ ಕೆಟ್ಟವು. ತಿಳಿ ಮತ್ತು ಮಧ್ಯಮ ಬಣ್ಣಕ್ಕೆ ಅದಿಲ್ಲದೆ, ಹೊತ್ತು ಜಾಸ್ತಿ ಕೊಟ್ಟು ಮಾಡುವುದೇ ನನಗೆ ಇಷ್ಟ. ಸಿದ್ಧ ಪೊಟ್ಟಣದ ಜೊತೆ ಬಂದದ್ದಾದರೆ ಬರೆದಷ್ಟೇ ಅಳತೆಯಲ್ಲಿ, ಹೊರಗಿನ ಒಲೆಯಲ್ಲಿ ಬಳಸಿ.

ಪ್ರೆಷರ್ ಕುಕ್ಕರಿನಲ್ಲಿ ಮಾಡಬಹುದಲ್ವಾ ಅಂತ ಹಲವರು ಕೇಳುತ್ತಾರೆ. ಬೇಡ. ಬಟ್ಟೆ ಉಬ್ಬಿ ಆವಿ ಹೋಗುವ ದಾರಿ ಮುಚ್ಚಿದರೆ ಅಪಾಯ. ಜೊತೆಗೆ ಮುಚ್ಚಿದ ಕುಕ್ಕರಿನಲ್ಲಿ ಬಟ್ಟೆ ತಿರುವಲು ಆಗುವುದಿಲ್ಲ, ಮಡಿಕೆ ಮಡಿಕೆಗೂ ಬೇರೆ ಬಣ್ಣ ಬರುತ್ತದೆ.

ಹಂತ 3: ಲೆಕ್ಕ

ಒಣಗಿದ ಬಟ್ಟೆಯನ್ನು ತೂಗಿ. ಬಣ್ಣದ ಲೆಕ್ಕವೆಲ್ಲ ಬಟ್ಟೆಯ ತೂಕದ ಮೇಲೆ, ನೀರಿನ ಮೇಲಲ್ಲ. ತಿಳಿ ಬಣ್ಣಕ್ಕೆ ಬಟ್ಟೆ ತೂಕದ ಶೇಕಡ 0.5, ಮಧ್ಯಮಕ್ಕೆ 2, ಗಾಢಕ್ಕೆ 4. ನೀರು ಬಟ್ಟೆಯ ತೂಕದ 30 ಪಟ್ಟು. 200 ಗ್ರಾಂ ದುಪ್ಪಟ್ಟಾ ಅಂದುಕೊಳ್ಳಿ. ನೀರು 6 ಲೀಟರ್, ಮಧ್ಯಮ ಬಣ್ಣಕ್ಕೆ ಪುಡಿ 4 ಗ್ರಾಂ. ಪಾತ್ರೆ ಕನಿಷ್ಠ 10 ಲೀಟರಿನದ್ದಾಗಿರಲಿ.

ಕಪ್ಪು ಮತ್ತು ಕಡುನೀಲಿಯ ಆಸೆಯನ್ನು ತೆರೆದ ಪಾತ್ರೆಯಲ್ಲಿ ಇಟ್ಟುಕೊಳ್ಳಬೇಡಿ. ಎಷ್ಟು ಮಾಡಿದರೂ ಕಂದು ಅಥವಾ ಬೂದು ಛಾಯೆ ಉಳಿಯುತ್ತದೆ. ಅದಕ್ಕೆ ಒತ್ತಡದ ಯಂತ್ರ ಇರುವ ಡೈಯಿಂಗ್ ಘಟಕವೇ ಸರಿ.

ಹಳೆ ಬಣ್ಣದ ಮೇಲೆ ಹೊಸದು ಹಾಕಿದರೆ ಎರಡೂ ಸೇರಿ ಮೂರನೆಯದು ಬರುತ್ತದೆ. ಹಳದಿ ಮೇಲೆ ನೀಲಿ ಹಾಕಿದರೆ ಹಸಿರೇ. ಮನೆಯ ಬ್ಲೀಚಿನಿಂದ ಪಾಲಿಯೆಸ್ಟರಿನ ಹಳೆ ಬಣ್ಣ ತೆಗೆಯಲು ಆಗುವುದಿಲ್ಲ. ಬಿಳಿ ಅಥವಾ ತಿಳಿ ಬಟ್ಟೆಯಿಂದ ಶುರು ಮಾಡಿ.

ಹಂತ 4: ಬಟ್ಟೆ ತೊಳೆಯುವುದು

ಹೊಸ ಬಟ್ಟೆಯಲ್ಲಿ ನೂಲುವಾಗಿನ ಎಣ್ಣೆ ಇರುತ್ತದೆ, ಹಳೆಯದರಲ್ಲಿ ಬೆವರು, ಫ್ಯಾಬ್ರಿಕ್ ಸಾಫ್ಟ್‌ನರಿನ ಪದರ. ಎರಡೂ ಮಚ್ಚೆಗೆ ಕಾರಣ. ಲೀಟರಿಗೆ 2 ಗ್ರಾಂ ಡಿಟರ್ಜೆಂಟ್, 1 ಗ್ರಾಂ ವಾಷಿಂಗ್ ಸೋಡಾ ಹಾಕಿ 60-70 ಡಿಗ್ರಿಯಲ್ಲಿ 20-30 ನಿಮಿಷ ಇಟ್ಟು, ಸೋಪಿನ ಜಾರುವಿಕೆ ಹೋಗುವ ತನಕ ತೊಳೆಯಿರಿ. ಒಣಗಿಸಬೇಡಿ, ಒದ್ದೆಯಾಗೇ ಇರಲಿ.

ಹಂತ 5: ಬಣ್ಣದ ನೀರು ತಯಾರಿ

ನಮ್ಮ ಕಡೆ ಬೋರ್‌ವೆಲ್ ನೀರೇ ಮುಖ್ಯ ತೊಂದರೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂನಿಂದ ತೇಲುತ್ತಿರುವ ಪುಡಿ ಒಂದಕ್ಕೊಂದು ಅಂಟಿ ಗಂಟಾಗುತ್ತದೆ. ಆ ಗಂಟು ಬಟ್ಟೆ ಮೇಲೆ ಕೂತರೆ ಚುಕ್ಕೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಲ್ಲದಿದ್ದರೆ ಫಿಲ್ಟರಿನ ಆರ್‌ಒ ನೀರು ಸಾಕು, 6 ಲೀಟರ್ ಏನು ಮಹಾ.

ಪುಡಿಯನ್ನು ಸಣ್ಣ ಬಟ್ಟಲಿಗೆ ಹಾಕಿ 40-50 ಡಿಗ್ರಿಯ ಉಗುರುಬೆಚ್ಚಗಿಂತ ಸ್ವಲ್ಪ ಬಿಸಿ ನೀರನ್ನು ಚೂರು ಚೂರೇ ಸೇರಿಸಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಕುದಿ ನೀರು ಸುರಿಯಬೇಡಿ, ಪುಡಿ ಮುದ್ದೆಗಟ್ಟುತ್ತದೆ. ಆಮೇಲೆ ಒಂದು ಲೋಟ ನೀರು ಸೇರಿಸಿ ತೆಳು ಮಾಡಿ, ಎರಡು ಪದರ ಮಲ್ಲು ಬಟ್ಟೆಯಲ್ಲಿ ಸೋಸಿ. ಮಲ್ಲಿನ ಮೇಲೆ ಮರಳಿನಂತೆ ಏನಾದರೂ ಉಳಿದರೆ ಅದನ್ನು ಮತ್ತೆ ಕಲಸಿ ಸೋಸಿ. ಈ ಹತ್ತು ನಿಮಿಷ ಉಳಿಸಲು ಹೋದವರ ಬಟ್ಟೆಯಲ್ಲಿ ಚುಕ್ಕೆ ಗ್ಯಾರಂಟಿ.

ಪಾತ್ರೆಯ ನೀರಿಗೆ ಬಿಳಿ ವಿನೆಗರನ್ನು ಚೂರು ಚೂರೇ ಹಾಕುತ್ತ ಪಿಎಚ್ ಪೇಪರ್ ಅದ್ದಿ ನೋಡಿ. 4.5ರಿಂದ 5.5ರ ನಡುವೆ ಬರಬೇಕು. 5.5ಕ್ಕಿಂತ ಮೇಲಿದ್ದರೆ ಇನ್ನಷ್ಟು ವಿನೆಗರ್. ಪುಡಿ ಗಂಟಾಗದಂತೆ ತಡೆಯುವ ಡಿಸ್ಪರ್ಸಿಂಗ್ ಏಜೆಂಟ್ ಸಿಕ್ಕರೆ ಲೀಟರಿಗೆ 1 ಗ್ರಾಂ ಹಾಕಿ. ಸೋಸಿದ ಬಣ್ಣ ಸೇರಿಸಿ ಕಲಕಿ. ಉಪ್ಪು ಬೇಡ. ಹತ್ತಿಯ ಅಭ್ಯಾಸದಿಂದ ಕೈ ಉಪ್ಪಿನ ಡಬ್ಬಿಗೆ ಹೋಗುತ್ತದೆ, ಇಲ್ಲಿ ಅದು ಪುಡಿಯನ್ನು ಗಂಟು ಮಾಡುವುದಷ್ಟೇ.

ಹಂತ 6: ಬೇಯಿಸುವುದು

ಎಲ್ಲಕ್ಕಿಂತ ಮುಖ್ಯ ಹಂತ ಇದು. ನೀರು 50 ಡಿಗ್ರಿ ಇರುವಾಗ ಒದ್ದೆ ಬಟ್ಟೆಯನ್ನು ಬಿಡಿಸಿ ಇಳಿಬಿಡಿ. ಮುದ್ದೆ ಮಾಡಿ ಹಾಕಬೇಡಿ. 80 ಡಿಗ್ರಿ ತನಕ ಸ್ವಲ್ಪ ಬೇಗ ಏರಿಸಿದರೂ ನಡೆಯುತ್ತದೆ, ಅಲ್ಲಿ ನೂಲು ಇನ್ನೂ ಬಿಗಿಯಾಗೇ ಇರುತ್ತದೆ. 80ರಿಂದ ಕುದಿಯ ತನಕ ಮಾತ್ರ ಉರಿ ಸಣ್ಣದು ಮಾಡಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಲಿ. ಬಣ್ಣ ಒಳಗೆ ಹೋಗಲು ಶುರುವಾಗುವುದು ಈ ನಡುವೆಯೇ. ಇಲ್ಲಿ ಆತುರಪಟ್ಟರೆ ಪಾತ್ರೆಯ ತಳಕ್ಕೆ ತಾಗಿದ ಕಡೆ ಗಾಢ, ಮೇಲೆ ತೇಲಿದ ಕಡೆ ತಿಳಿ.

ಕುದಿ ಬಂದ ಮೇಲೆ ಮುಚ್ಚಳ ಹಾಕಿ, ಮಿಡಿಯುವಷ್ಟು ಉರಿ ಇಟ್ಟು ಕನಿಷ್ಠ ಅಂದರೂ ತಿಳಿ ಬಣ್ಣಕ್ಕೆ 45 ನಿಮಿಷ, ಮಧ್ಯಮಕ್ಕೆ ಒಂದು ಗಂಟೆ, ಗಾಢಕ್ಕೆ ಒಂದೂವರೆ ಗಂಟೆ. ಎರಡು-ಮೂರು ನಿಮಿಷಕ್ಕೊಮ್ಮೆ ಎರಡು ಕೋಲಿನಿಂದ ಬಟ್ಟೆಯನ್ನು ಎತ್ತಿ, ಒಳಭಾಗ ಹೊರಗೆ ಮಾಡಿ ಬಿಡಿ. ಸುಮ್ನೆ ಸೌಟಲ್ಲಿ ನೀರು ತಿರುವಿದರೆ ಬಟ್ಟೆಯೂ ಜೊತೆಗೇ ತಿರುಗಿ ಹಗ್ಗದಂತಾಗುತ್ತದೆ. ನೀರು ತಗ್ಗಿದರೆ ಕುದಿ ನೀರನ್ನೇ ಸೇರಿಸಿ. ಬಟ್ಟೆಯನ್ನು ಪಕ್ಕಕ್ಕೆ ಸರಿಸಿ, ಅದರ ಮೇಲೆ ಬೀಳದಂತೆ.

ಬಣ್ಣ ಎಷ್ಟು ಹತ್ತಿದೆ ಎಂದು ನೋಡಲು ಜೊತೆಯಲ್ಲೇ ಅದೇ ಬಟ್ಟೆಯ ನಾಲ್ಕೈದು ಚೂರುಗಳನ್ನು ದಾರಕ್ಕೆ ಕಟ್ಟಿ ಹಾಕಿರಿ. ಅರ್ಧ ಗಂಟೆಗೊಂದನ್ನು ಕತ್ತರಿಸಿ ತೆಗೆದು, ಸೋಪು ಹಾಕಿ ತೊಳೆದು, ಒಣಗಿಸಿ ಸಾಲಾಗಿ ಇಡಿ. ಒದ್ದೆ ಬಟ್ಟೆ ಯಾವಾಗಲೂ ಗಾಢ ಕಾಣುತ್ತದೆ, ಅದನ್ನು ನಂಬಬೇಡಿ. ಸಾಲಿಟ್ಟ ಚೂರುಗಳನ್ನು ನೋಡಿದಾಗ ಹೊತ್ತು ಎಂಥ ಕೆಲಸ ಮಾಡುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಮೊದಲನೆಯದು ನೀರಾಗಿ ಕಂಡರೆ ಕೊನೆಯದು ಬೇರೆಯೇ ಬಣ್ಣದ ಬಟ್ಟೆಯೇನೋ ಅನ್ನಿಸುತ್ತದೆ. ಹಿಂದಿನ ಎರಡು ಚೂರುಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಒಲೆ ಆರಿಸಬಹುದು. ನೀರಿನಲ್ಲಿ ಬಣ್ಣ ಇನ್ನೂ ಇದ್ದು ಚೂರು ಗಾಢವಾಗುತ್ತಲೇ ಇದ್ದರೆ ಪುಡಿ ಸೇರಿಸಬೇಡಿ, ಹೊತ್ತು ಸೇರಿಸಿ.

ಹಂತ 7: ತಣಿಸುವುದು

ಬಿಸಿ ಬಟ್ಟೆಯನ್ನು ಎತ್ತಿ ನಲ್ಲಿ ಕೆಳಗೆ ಹಿಡಿಯಬೇಡಿ. ಪಾಲಿಯೆಸ್ಟರ್ ಬಿಸಿಯಲ್ಲಿ ಮೆತ್ತಗಾಗಿರುತ್ತದೆ. ಆ ಕ್ಷಣದಲ್ಲಿ ಯಾವ ಸುಕ್ಕು ಇರುತ್ತದೋ ಅದೇ ಸುಕ್ಕಿನಲ್ಲಿ ಗಟ್ಟಿಯಾಗುತ್ತದೆ, ಇಸ್ತ್ರಿ ಹಾಕಿದರೂ ಹೋಗುವುದಿಲ್ಲ. ಒಲೆ ಆರಿಸಿ, ಆಗಾಗ ಬಟ್ಟೆ ಅಲುಗಾಡಿಸುತ್ತ, 60 ಡಿಗ್ರಿಗೆ ತಾನಾಗಿ ಇಳಿಯಲು ಬಿಡಿ. ಆಮೇಲೆ ತೆಗೆದು ಬೆಚ್ಚನೆ ನೀರಲ್ಲಿ, ಕೊನೆಗೆ ತಣ್ಣೀರಲ್ಲಿ ತೊಳೆಯಿರಿ. ಹಿಂಡಬೇಡಿ, ಒತ್ತಿ ನೀರು ತೆಗೆಯಿರಿ.

ಹಂತ 8: ಮೇಲೆ ಕೂತ ಬಣ್ಣ ತೆಗೆಯುವುದು

ಒಳಗೆ ಹೋಗದ ಒಂದಿಷ್ಟು ಪುಡಿ ನೂಲಿನ ಮೇಲೆ ಕೂತಿರುತ್ತದೆ. ಅದನ್ನು ತೆಗೆಯದಿದ್ದರೆ ಕುತ್ತಿಗೆಗೆ, ಕೈಗೆ ಬಣ್ಣ ಅಂಟುತ್ತದೆ. ತಿಳಿ ಬಣ್ಣವಾದರೆ 60 ಡಿಗ್ರಿ ನೀರಿನಲ್ಲಿ ಡಿಟರ್ಜೆಂಟ್ ಹಾಕಿ 15 ನಿಮಿಷ ತೊಳೆದರೆ ಆಯಿತು. ಮಧ್ಯಮ, ಗಾಢ ಬಣ್ಣಕ್ಕೆ ರಿಡಕ್ಷನ್ ಕ್ಲಿಯರಿಂಗ್ ಮಾಡಬೇಕು.

ಇದಕ್ಕೆ ಬೇಕಾದದ್ದು ಸೋಡಿಯಂ ಹೈಡ್ರೊಸಲ್ಫೈಟ್. ಬೆಲ್ಲದ ಬಣ್ಣ ತಿಳಿಯಾಗಲಿ ಎಂದು ಕೆಲವು ಆಲೆಮನೆಗಳಲ್ಲಿ ಹಾಕುವ 'ಹೈಡ್ರೋಸ್' ಇದೇ. ಅದು ಮೇಲ್ಮೈಯ ಬಣ್ಣವನ್ನು ಒಡೆಯುತ್ತದೆ. ನೀರಿನ ಜೊತೆ ನೂಲಿನ ಒಳಗೆ ಹೋಗಲಾರದ್ದರಿಂದ ಒಳಗಿನ ಬಣ್ಣ ಉಳಿಯುತ್ತದೆ. ಮಿಲ್ಲುಗಳಲ್ಲಿ ಜೊತೆಗೆ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಮನೆಯಲ್ಲಿ ವಾಷಿಂಗ್ ಸೋಡಾ ಸಾಕು, ಅಪಾಯ ಕಮ್ಮಿ. ಹೊಸ ನೀರು 70 ಡಿಗ್ರಿಗೆ ಬಿಸಿ ಮಾಡಿ, ಲೀಟರಿಗೆ 3 ಗ್ರಾಂ ವಾಷಿಂಗ್ ಸೋಡಾ, 2 ಗ್ರಾಂ ಹೈಡ್ರೋಸ್ ಹಾಕಿ, ಬಟ್ಟೆ ಇಳಿಸಿ 15-20 ನಿಮಿಷ ತಿರುವಿ. ನೀರಿಗೆ ಬಣ್ಣ ಬಿಟ್ಟು, ಅದು ಕಣ್ಣೆದುರೇ ಮಾಸುವುದು ಕಾಣುತ್ತದೆ.

ಎಚ್ಚರ ಇಲ್ಲಿ ಬೇಕು. ಹೈಡ್ರೋಸಿನ ಡಬ್ಬಿಗೆ ನೀರು ತಾಗಿದರೆ ಬಿಸಿಯಾಗಿ ಬೆಂಕಿಯೇ ಹತ್ತಬಹುದು. ಒಣ ಚಮಚದಲ್ಲಿ ತೆಗೆದು, ಪುಡಿಯನ್ನು ನೀರಿಗೆ ಹಾಕಿ, ಪುಡಿಗೆ ನೀರನ್ನಲ್ಲ. ವಿನೆಗರಿನ ಜೊತೆ ಸೇರಿದರೆ ಉಸಿರು ಕಟ್ಟಿಸುವ ಅನಿಲ ಬರುತ್ತದೆ, ಆದ್ದರಿಂದ ಬಣ್ಣದ ಪಾತ್ರೆಯನ್ನು ಪೂರ್ತಿ ಖಾಲಿ ಮಾಡಿ ತೊಳೆದ ಮೇಲೆಯೇ ಈ ಕೆಲಸ. ಅಸ್ತಮಾ ಇರುವವರು ಬೇರೆಯವರ ಕೈಲಿ ಮಾಡಿಸಿ.

ಮುಗಿದ ಮೇಲೆ ಮೂರು ನೀರಿನಲ್ಲಿ ಜಾಲಾಡಿ, ನೆರಳಲ್ಲಿ ಒಣಗಿಸಿ.

ಸರಿ ಹಿಡಿದಿದೆಯಾ?

ಬಿಳಿ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಹತ್ತು ಸಲ ಉಜ್ಜಿ, ಮೊದಲು ಒಣಗಿದ್ದು, ಆಮೇಲೆ ಒದ್ದೆ. ಬಣ್ಣ ಅಂಟಿದರೆ ಹಂತ 8 ಮತ್ತೊಮ್ಮೆ ಮಾಡಿ. ಪಟ್ಟೆ ಪಟ್ಟೆಯಾಗಿದ್ದರೆ ಅದೇ ಬಟ್ಟೆಯನ್ನು ಬಣ್ಣವಿಲ್ಲದ, ವಿನೆಗರ್ ಮತ್ತು ಡಿಸ್ಪರ್ಸಿಂಗ್ ಏಜೆಂಟ್ ಮಾತ್ರ ಹಾಕಿದ ನೀರಿನಲ್ಲಿ ಒಂದು ಗಂಟೆ ಕುದಿಸಿ. ಗಾಢ ಕಡೆಯ ಬಣ್ಣ ಸ್ವಲ್ಪ ಹೊರಬಂದು ತಿಳಿ ಕಡೆಗೆ ಸೇರುತ್ತದೆ. ಪೂರ್ತಿ ಸರಿಯಾಗದಿದ್ದರೂ ಕಣ್ಣಿಗೆ ಹೊಡೆಯುವುದು ತಪ್ಪುತ್ತದೆ. ಚುಕ್ಕೆಗೆ ಈ ಉಪಾಯ ಅಷ್ಟಾಗಿ ನಡೆಯುವುದಿಲ್ಲ, ಅಲ್ಲಿ ಗಾಢ ಬಣ್ಣ ಹಾಕಿ ಮುಚ್ಚುವುದೇ ದಾರಿ.

ಇಸ್ತ್ರಿಯನ್ನು ಸಿಂಥೆಟಿಕ್ ಗುರುತಿಗಿಂತ ಮೇಲೆ ಇಡಬೇಡಿ. ಲೋ ಎನರ್ಜಿ ಬಣ್ಣ ಜೋರು ಬಿಸಿಗೆ ಆವಿಯಾಗಿ ಇಸ್ತ್ರಿ ಬಟ್ಟೆಗೆ ದಾಟುತ್ತದೆ. ಕ್ರಿಕೆಟ್ ಜೆರ್ಸಿಗಳ ಮೇಲೆ ಹೆಸರು, ಚಿತ್ರ ಒತ್ತುವ ಸಬ್ಲಿಮೇಷನ್ ಪ್ರಿಂಟಿಂಗ್ ನಡೆಯುವುದು ಇದೇ ಗುಣದಿಂದ. ಕಾಗದದ ಮೇಲಿನ ಡಿಸ್ಪರ್ಸ್ ಬಣ್ಣ ಸುಮಾರು 200 ಡಿಗ್ರಿಯಲ್ಲಿ ಆವಿಯಾಗಿ ಬಟ್ಟೆಗೆ ಸೇರುತ್ತದೆ.

ಉಳಿದ ಬಣ್ಣದ ನೀರು

ತಿರುಪ್ಪೂರಿನ ಡೈಯಿಂಗ್ ಘಟಕಗಳ ನೀರು ನೊಯ್ಯಲ್ ನದಿಯನ್ನು ಹಾಳು ಮಾಡಿದ್ದಕ್ಕೆ 2011ರಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನೇ ಮುಚ್ಚಲು ಹೇಳಿತು. ನಿಮ್ಮ 6 ಲೀಟರ್ ಅಷ್ಟು ದೊಡ್ಡದಲ್ಲ. ಆದರೂ ಅದನ್ನು ಗಿಡಕ್ಕೆ, ಬಾವಿ ಪಕ್ಕಕ್ಕೆ, ಮಳೆನೀರಿನ ಚರಂಡಿಗೆ ಸುರಿಯುವುದು ತಪ್ಪು. ಚರಂಡಿ ಕೊನೆಗೆ ಸೇರುವುದು ಯಾವುದೋ ಕೆರೆಗೆ. ಪುಡಿಯನ್ನು ತೂಗಿ ಹಾಕಿದ್ದರೆ, ಹೊತ್ತು ಕೊಟ್ಟಿದ್ದರೆ, ಬಹುಪಾಲು ಬಣ್ಣ ಬಟ್ಟೆಗೇ ಹೋಗಿರುತ್ತದೆ. ನೀರಲ್ಲಿ ಇನ್ನೂ ಬಣ್ಣ ಇದ್ದರೆ ಅದರಲ್ಲೇ ಇನ್ನೊಂದು ಚೂರು ಬಟ್ಟೆ ಕುದಿಸಿ, ಕರವಸ್ತ್ರಕ್ಕೋ ಲೈನಿಂಗಿಗೋ ತಿಳಿ ಬಣ್ಣ ಬರುತ್ತದೆ. ಆಮೇಲೂ ಉಳಿದದ್ದನ್ನು ತಣಿಸಿ, ಸ್ವಲ್ಪ ವಾಷಿಂಗ್ ಸೋಡಾ ಹಾಕಿ ಪಿಎಚ್ 7ರ ಹತ್ತಿರ ತಂದು, ಒಳಚರಂಡಿಗೆ ಸೇರುವ ಬಚ್ಚಲಿನಲ್ಲಿ ಸಾಕಷ್ಟು ನೀರಿನ ಜೊತೆ ಬಿಡಿ. ಹೈಡ್ರೋಸಿನ ನೀರನ್ನು ಇದರ ಜೊತೆ ಬೆರೆಸದೆ, ಅಗಲ ಬಕೆಟಿನಲ್ಲಿ ಹೊರಗೆ ಒಂದು ದಿನ ಗಾಳಿಗೆ ಇಟ್ಟು ಬೇರೆಯಾಗಿ ಬಿಡಿ. ಮನೆಗೆ ಸೆಪ್ಟಿಕ್ ಟ್ಯಾಂಕ್ ಇದ್ದರೆ ಒಂದೇ ದಿನ ನಾಲ್ಕೈದು ಬಟ್ಟೆಗೆ ಬಣ್ಣ ಹಾಕಬೇಡಿ, ವಾರಕ್ಕೊಂದರಂತೆ ಮಾಡಿ.